ದಾರಿ ಯಾರದು?

ಕಳೆದ ಮಾಘಮಾಸದಲ್ಲಿ ಹೊಸದುರ್ಗದ ಒಂದು ಮದುವೆಯ ಮನೆಯಲ್ಲಿ, ಊಟಕ್ಕೆ ಎಲೆ ಹಾಕುವುದಕ್ಕೆ ಮುಂಚೆ, ನನಗೂ ವಕೀಲ ಮಿತ್ರರೊಬ್ಬರಿಗೂ ಸಣ್ಣ ವಾಗ್ವಾದ ನಡೆಯಿತು. ಮೋಟಾರು ಓಡಿಸುವವರು ಸೈಕಲ್ಲಿನವರಿಗೆ ಕೊಡುವ ಕಿರುಕುಳವನ್ನು ತಡೆಯಲು ಪ್ರತ್ಯೇಕವಾದ ಶಾಸನವೊಂದು ಬೇಕೆಂದು ನಾನೆಂದೆನು. ಮಿತ್ರರು ನಕ್ಕು, "ಮೇಷ್ಟ್ರೇ, ಕಾಯಿದೆಗಳಿಗೆ ಈ ದೇಶದಲ್ಲಿ ಬರವೇ? ಇರುವ ಕಾಯಿದೆಯನ್ನು ನಡೆಸಿದರೆ ಸಾಕು. ಅದೂ ಅಲ್ಲದೆ ಈಗ ಸೈಕಲ್ ತುಳಿಯುವವರಾದರೂ ಎಷ್ಟು ಮಂದಿ?" ಎಂದರು. ಅಷ್ಟರಲ್ಲಿ ಪಂಕ್ತಿಗೆ ಕರೆ ಬಂದುದರಿಂದ ನನ್ನ ಉತ್ತರವು ಬಾಯಲ್ಲಿಯೇ ಉಳಿಯಿತು. ಅದನ್ನು ಈಗ ಬರೆಯುತ್ತಿರುವೆನು. ಮಿತ್ರರ ಮಾತು ಅವರೊಬ್ಬರದೇ ಆಗಿದ್ದರೆ ಪತ್ರಿಕೆಯ ಪುಟಗಳನ್ನು ಇದಕ್ಕಾಗಿ ಬೇಡುತ್ತಿರಲಿಲ್ಲ. ತಿಳಿದವರೆನಿಸಿಕೊಂಡ ಬಹುಮಂದಿಯ ಅಭಿಪ್ರಾಯವೂ ಅದೇ ಆಗಿರುವುದರಿಂದ ಬರೆಯಬೇಕಾಯಿತು.

ಮೊದಲು ನನ್ನ ಅನುಭವವೊಂದನ್ನು ಅರಿಕೆ ಮಾಡುವೆನು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಾಡದಕೆರೆಯ ಸುತ್ತಿನ ಹಳ್ಳಿಗಳಲ್ಲಿ ಪಾಠ ಹೇಳಿದವನು. ಶಾಲೆಗೆ ಹೋಗಿಬರುತ್ತಿದ್ದುದೆಲ್ಲ ಸೈಕಲ್ಲಿನ ಮೇಲೆಯೇ. ನಿವೃತ್ತನಾದ ಮೇಲೂ ಆ ಅಭ್ಯಾಸವನ್ನು ಬಿಡಲಿಲ್ಲ. ಎರಡು ವರ್ಷಗಳ ಹಿಂದೆ ಧನುರ್ಮಾಸದ ಒಂದು ಬೆಳಗ್ಗೆ ದೇವಸ್ಥಾನದಿಂದ ಮನೆಗೆ ಬರುತ್ತಿರಲಾಗಿ, ಹಿಂದಿನಿಂದ ಒಂದು ಟಿಪ್ಪರು ಕರ್ಕಶವಾಗಿ ಹಾರನ್ ಮಾಡುತ್ತ ಬಂದಿತು. ನಾನು ಟಾರಿನ ಅಂಚಿನಲ್ಲಿಯೇ ಇದ್ದೆನು. ಅಂಚಿನಿಂದಾಚೆಗೆ ಒಂದು ಗೇಣು ಕೊರಕಲು, ಅದರಾಚೆಗೆ ಸಡಿಲವಾದ ಜಲ್ಲಿ. ಎದುರಿಗೆ ಯಾವ ವಾಹನವೂ ಇರಲಿಲ್ಲ. ಬಲಗಡೆ ರಸ್ತೆಯೆಲ್ಲ ಬರಿದಾಗಿದ್ದಿತು. ಆದರೂ ಆ ಗಾಡಿ ನನ್ನ ಭುಜಕ್ಕೆ ಒಂದು ಮೊಳದಷ್ಟು ಹತ್ತಿರಕ್ಕೆ ಬಂದು, ಹಾಗೆಯೇ ನನ್ನನ್ನು ಅಂಚಿನಿಂದ ಕೆಳಕ್ಕೆ ಒತ್ತಿಕೊಂಡು ಹೋಯಿತು. ನಾನು ಜಲ್ಲಿಯ ಮೇಲೆ ಬಿದ್ದೆನು. ಮೇಲಿನಿಂದ ನಗೆಯೊಂದು ಕೇಳಿಸಿತು. ಮಂಡಿ ತರೆಯಿತು, ಪಂಚೆ ಹರಿಯಿತು, ಮುಂದಿನ ಚಕ್ರ ಸೊಟ್ಟಗಾಯಿತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ.

ಗಾಡಿಯ ನಂಬರನ್ನು ನೆನಪಿಟ್ಟುಕೊಂಡು ಪೋಲೀಸು ಠಾಣೆಯೊಂದಕ್ಕೆ ಹೋದೆನು. ಅಲ್ಲಿದ್ದವರು ನನ್ನನ್ನು ಕೂಡಿಸಿ ಮರ್ಯಾದೆಯಿಂದಲೇ ಮಾತಾಡಿಸಿದರು. "ಗಾಡಿ ತಾಗಿತೇ?" ಎಂದರು, ಇಲ್ಲವೆಂದೆನು. "ಮೂಳೆ ಮುರಿದಿದೆಯೇ? ಆಸ್ಪತ್ರೆಯ ಚೀಟಿ ಇದೆಯೇ?" ಎಂದರು, ಇಲ್ಲವೆಂದೆನು. "ಹಾಗಾದರೆ ಯಾವ ಕೇಸು ಬರೆಯುವುದು, ಮೇಷ್ಟ್ರೇ? ಈ ವಯಸ್ಸಿನಲ್ಲಿ ನಿಮಗೇಕೆ ಸೈಕಲ್ಲು?" ಎಂದರು. ಆ ಪ್ರಶ್ನೆಯಲ್ಲಿ ದುರುದ್ದೇಶವಿರಲಿಲ್ಲ, ಕರುಣೆಯೇ ಇದ್ದಿತು. ಆದರೆ ತಪ್ಪಿತಸ್ಥನು ಯಾರೆಂಬುದನ್ನು ಆ ಕರುಣೆಯೇ ತೀರ್ಮಾನಿಸಿಬಿಟ್ಟಿತು.

ಇನ್ನು ವಕೀಲ ಮಿತ್ರರ ಮೊದಲನೆಯ ವಾದವನ್ನು ಪರಾಮರ್ಶಿಸೋಣ. ಇರುವ ಕಾಯಿದೆ ಸಾಕೆನ್ನುವರು. ಕಾಯಿದೆಯಲ್ಲಿ ಏನಿದೆಯೆಂಬುದನ್ನು ನಾನೂ ಓದಿ ನೋಡಿರುವೆನು. 1988ರ ಮೋಟಾರು ವಾಹನಗಳ ಕಾಯಿದೆಯ 184ನೆಯ ಕಲಮು ಅಪಾಯಕರವಾದ ಚಾಲನೆಯನ್ನು ದಂಡಿಸುವುದು. 2019ರಲ್ಲಿ ಆದ ತಿದ್ದುಪಡಿಯಿಂದ ಮೊದಲನೆಯ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸವನ್ನಾಗಲಿ, 1,000ದಿಂದ 5,000 ರೂಪಾಯಿಯವರೆಗೆ ಜುಲ್ಮಾನೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಲ್ಲಿಯೂ ಪ್ರಾಣಕ್ಕೆ ಅಪಾಯವಾಗುವಂತೆ ಗಾಡಿ ಓಡಿಸುವವನಿಗೆ ಶಿಕ್ಷೆ ಹೇಳಿದೆ. 2017ರ ಚಾಲನಾ ನಿಯಮಾವಳಿಯು ಪಾದಚಾರಿಗಳು, ಸೈಕಲ್ಲಿನವರು, ಮಕ್ಕಳು, ವೃದ್ಧರು, ಅಂಗವಿಕಲರು ಇವರ ವಿಷಯದಲ್ಲಿ ಚಾಲಕನು ವಿಶೇಷವಾದ ಎಚ್ಚರಿಕೆಯಿಂದಿರತಕ್ಕದ್ದೆಂದು ಸ್ಪಷ್ಟವಾಗಿ ಹೇಳುವುದು. ಕಾರಣವಿಲ್ಲದೆ ಹಾರನ್ ಮಾಡಿದವನಿಗೆ 194ನೆಯ ಕಲಮಿನ ಎಫ್ ಭಾಗದಂತೆ 1,000 ರೂಪಾಯಿ ದಂಡ. ಮಿತ್ರರು ಇವನ್ನೆಲ್ಲ ಬಲ್ಲರು, ಬಲ್ಲವರಾದುದರಿಂದಲೇ ಸಾಕೆಂದರು.

ಆದರೆ ಇವುಗಳಲ್ಲಿ ಮೂರು ಕೊರತೆಗಳಿವೆ. ಮೊದಲನೆಯದಾಗಿ, ಎಚ್ಚರಿಕೆಯೆಂದರೆ ಎಷ್ಟು ಎಂಬುದಕ್ಕೆ ಅಳತೆಯಿಲ್ಲ. ಸೈಕಲ್ಲನ್ನು ಹಿಂದೆ ಹಾಕುವಾಗ ಎಷ್ಟು ದೂರ ಬಿಡಬೇಕು? ಒಂದು ಮೊಳವೇ, ಒಂದು ಮಾರೇ? ಅಳತೆಯಿಲ್ಲದ ಕಡೆ ಅಪರಾಧವೂ ಇಲ್ಲ, ಬರೆದುಕೊಳ್ಳುವವನೂ ಇಲ್ಲ. ಎರಡನೆಯದಾಗಿ, ಈ ಕಲಮುಗಳನ್ನು ಪ್ರಯೋಗಿಸತಕ್ಕವರು ಪೋಲೀಸಿನವರು. ಅವರು ಮನಸ್ಸು ಮಾಡದಿದ್ದರೆ ನೊಂದವನಿಗೆ ಸುಲಭವಾದ ಬೇರೆ ದಾರಿಯಿಲ್ಲ. ಮನಸ್ಸು ಮಾಡಿದರೂ ಜುಲ್ಮಾನೆ ಸೇರುವುದು ಸರ್ಕಾರದ ಖಜಾನೆಗೆ. ಬಿದ್ದವನಿಗೆ ಸೊಟ್ಟ ಚಕ್ರವನ್ನು ನೆಟ್ಟಗೆ ಮಾಡಿಸುವ ಕೂಲಿಯೂ ದೊರೆಯದು. ಮೂರನೆಯದಾಗಿ, ಪರಿಹಾರವೆಂಬುದು ನಮ್ಮಲ್ಲಿ ರಕ್ತ ಕಂಡ ಮೇಲೆಯೇ ಎಚ್ಚರಗೊಳ್ಳುವುದು. 164ನೆಯ ಕಲಮಿನಂತೆ, ತಪ್ಪು ಯಾರದೆಂದು ರುಜುವಾತು ಮಾಡುವ ಅಗತ್ಯವಿಲ್ಲದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುವುದು. ಗುದ್ದಿ ಓಡಿಹೋದವನು ಸಿಕ್ಕದಿದ್ದರೆ 161ನೆಯ ಕಲಮಿನಂತೆ 2 ಲಕ್ಷ, 50,000. ಇದು ಒಳ್ಳೆಯದೇ. ಆದರೆ ಸತ್ತವನಿಗೆ ಬೆಲೆ ಕಟ್ಟುವ ಕಾಯಿದೆಯು ಬದುಕಿರುವವನ ಭಯಕ್ಕೆ ಬೆಲೆ ಕಟ್ಟಲಿಲ್ಲ.

ಆ ಭಯವು ಎಂಥದೆಂಬುದಕ್ಕೆ ಒಂದು ಉದಾಹರಣೆ ಕೊಡುವೆನು. ನನ್ನ ಹಳೆಯ ಶಿಷ್ಯನೊಬ್ಬನ ಮಗಳು ತೋಟದ ಮನೆಯಿಂದ ಸೈಕಲ್ಲಿನ ಮೇಲೆ ಶಾಲೆಗೆ ಹೋಗುತ್ತಿದ್ದಳು. ಲಾರಿಯವರು ಹತ್ತಿರಕ್ಕೆ ಬಂದು ಹಾರನ್ ಮಾಡುವುದು, ಮೋಟಾರು ಬೈಸಿಕಲ್ಲಿನ ಹುಡುಗರು ಪಕ್ಕದಲ್ಲಿಯೇ ನಿಧಾನವಾಗಿ ಓಡಿಸುತ್ತ ಸೈಕಲ್ಲಿನ ಹಿಡಿಯನ್ನು ಎಳೆಯುವುದು ನಡೆದೇ ಇದ್ದಿತು. ಒಂದು ದಿವಸ ಅಳುತ್ತ ಮನೆಗೆ ಬಂದಳು. ಮೈಮೇಲೆ ಒಂದು ಗಾಯವೂ ಇಲ್ಲ. ತಂದೆ ಮರುದಿನವೇ ಸೈಕಲ್ಲನ್ನು ಅಟ್ಟಕ್ಕೇರಿಸಿದನು. ಶಾಲೆಯ ಹೊತ್ತಿಗೆ ಬಸ್ಸಿಲ್ಲ; ಕರೆದುಕೊಂಡು ಹೋಗಿ ಬಿಡಲು ಮನೆಯಲ್ಲಿ ಜನವಿಲ್ಲ. ಒಂಬತ್ತನೆಯ ತರಗತಿಯೇ ಅವಳಿಗೆ ಕೊನೆಯಾಯಿತು. ನಾನು ಹೋಗಿ ಕೇಳಿದಾಗ ಶಿಷ್ಯನು ತಲೆ ತಗ್ಗಿಸಿ, "ಹೆಣ ಬಂದಮೇಲೆ ಓದಿಸಲೇ, ಸಾರ್?" ಎಂದನು. ಅವನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಯಾವ ಅಪಘಾತದ ಪಟ್ಟಿಯಲ್ಲಿಯೂ ಆ ಹುಡುಗಿಯಿಲ್ಲ. 2022ನೆಯ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 4,800ಕ್ಕೂ ಮಿಕ್ಕಿದವರು ಸೈಕಲ್ಲಿನವರೆಂದು ಕೇಂದ್ರ ಸರ್ಕಾರದ ಲೆಕ್ಕವೇ ಹೇಳುವುದು. ಹೆದರಿ ಸೈಕಲ್ಲನ್ನು ಅಟ್ಟಕ್ಕೇರಿಸಿದವರ ಲೆಕ್ಕವನ್ನು ಇಟ್ಟವರಾರು?

2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಲು ಪ್ರಾರಂಭಿಸಿದುದನ್ನು ವಾಚಕರು ಬಲ್ಲರು. ಮೊದಲು ಹೆಣ್ಣು ಮಕ್ಕಳಿಗೆ, ಅನಂತರ ಗಂಡು ಮಕ್ಕಳಿಗೂ. ಅದನ್ನು ಕಂಡು ನಾನು ಹಿಗ್ಗಿದವನು. ಅದುವರೆಗೆ ಏಳನೆಯ ತರಗತಿಗೇ ಓದು ಮುಗಿಸುತ್ತಿದ್ದ ಹೆಣ್ಣು ಮಕ್ಕಳು ಸಾಲಾಗಿ ಹೈಸ್ಕೂಲಿಗೆ ಹೋಗುವುದನ್ನು ನೋಡುವುದೇ ಒಂದು ಹಬ್ಬವಾಗಿದ್ದಿತು. ಆದರೆ ಸೈಕಲ್ಲನ್ನು ಕೊಟ್ಟ ಕೈ ದಾರಿಯನ್ನು ಕೊಡಲಿಲ್ಲ. ಎಮ್ಮೆ ಕೊಟ್ಟು ಮೇವಿಗೆ ನೆಲವಿಲ್ಲವೆಂದಂತಾಯಿತು.

ಎರಡನೆಯ ವಾದ: ತುಳಿಯುವವರಾದರೂ ಎಷ್ಟು ಮಂದಿ ಎಂಬುದು. 2011ರ ಜನಗಣತಿಯಲ್ಲಿ ದೇಶದ 100 ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ಲಿದ್ದಿತು. ಅದು ಹಳೆಯ ಲೆಕ್ಕ. ಆಮೇಲೆ ಮೋಟಾರು ಬೈಸಿಕಲ್ಲುಗಳು ಹೆಚ್ಚಿದುವೆಂಬುದನ್ನು ಒಪ್ಪುವೆನು. ಆದರೆ ಕಡಮೆಯಾದರೆ ಏನು? ರಕ್ಷಣೆಯು ಸಂಖ್ಯೆಯನ್ನು ನೋಡಿ ಕೊಡತಕ್ಕದ್ದೇ? ಕಡಮೆಯಾಗಿರುವುದು ಏಕೆಂಬುದನ್ನೂ ಮಿತ್ರರು ಯೋಚಿಸಬೇಕು. ಹೆದರಿಸಿ ಓಡಿಸಿದ ಮೇಲೆ, ಇಲ್ಲಿ ಯಾರೂ ಇಲ್ಲವೆನ್ನುವುದು ನ್ಯಾಯವಲ್ಲ. ಈಗಲೂ ಉಳಿದಿರುವವರು ಯಾರು? ಶಾಲೆಯ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ಮೇವಿನ ಹೊರೆ ತರುವವರು, ಕೂಲಿಗೆ ಹೋಗುವವರು, ನನ್ನಂತಹ ಮುದುಕರು. ಇವರಿಗೆ ಸೈಕಲ್ಲು ವಿಲಾಸವಲ್ಲ.

ಹಿಂದೆ ಕಾಯಿದೆಗೆ ಸೈಕಲ್ಲಿನವನು ಕಾಣಿಸುತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಕಾಣಿಸುತ್ತಿದ್ದನು. ನಾನು ಹುಡುಗನಾಗಿದ್ದಾಗ ಪುರಸಭೆಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆಯನ್ನು ಸೈಕಲ್ಲಿಗೆ ಬಿಗಿಸಬೇಕಾಗಿದ್ದಿತು. ಕತ್ತಲಾದ ಮೇಲೆ ದೀಪವಿಲ್ಲದಿದ್ದರೆ ತಡೆದು ನಿಲ್ಲಿಸುವರು. ಇಬ್ಬರು ಕೂತರೆ ಚಕ್ರದ ಗಾಳಿ ಬಿಡುವರು. ತೆರಿಗೆ ಕೊಡತಕ್ಕವನೆಂದೂ ತಪ್ಪು ಮಾಡತಕ್ಕವನೆಂದೂ ಅವನನ್ನು ಗುರುತಿಸಿದ ಕಾಯಿದೆ, ರಕ್ಷಣೆ ಪಡೆಯತಕ್ಕವನೆಂದು ಮಾತ್ರ ಗುರುತಿಸಲಿಲ್ಲ. ಬಿಲ್ಲೆ ಹೋಯಿತು, ಆ ದೃಷ್ಟಿ ಹೋಗಲಿಲ್ಲ.

ದಾರಿಯ ನ್ಯಾಯವು ನಮಗೆ ಹೊಸದೇ? ಪಾಠಶಾಲೆಯಲ್ಲಿ ಓದಿದವನಾದ್ದರಿಂದ ಮನುಸ್ಮೃತಿಯ ಎರಡು ಪ್ರಸಂಗಗಳನ್ನು ಇಲ್ಲಿ ನೆನೆಯುವೆನು. ಆ ಗ್ರಂಥದ ಇತರ ವಿಧಿಗಳನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಎರಡನೆಯ ಅಧ್ಯಾಯದಲ್ಲಿ ಯಾರಿಗೆ ದಾರಿ ಬಿಡಬೇಕೆಂಬ ಪಟ್ಟಿಯಿದೆ: ಗಾಡಿಯಲ್ಲಿ ಹೋಗುವವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ರಾಜ, ಮದುವೆಯ ಗಂಡು. ಗಾಡಿಯವನೇ ಮೊದಲು ಬಂದನಲ್ಲ ಎಂದು ಮಿತ್ರರು ಚಪ್ಪಾಳೆ ತಟ್ಟಬಹುದು. ಆದರೆ ಎತ್ತಿನ ಗಾಡಿಯನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸುವುದು ಕಷ್ಟ. ವೃದ್ಧನಿಗೂ ರೋಗಿಗೂ ಹೊರೆಯವನಿಗೂ ಸರಿಯುವುದು ಕಷ್ಟ. ಯಾರಿಗೆ ಸರಿಯುವುದು ಕಷ್ಟವೋ ಅವರಿಗೆ, ಸುಲಭವಾಗಿ ಸರಿಯಬಲ್ಲವನು ದಾರಿ ಬಿಡಬೇಕೆಂಬುದೇ ಪಟ್ಟಿಯ ಮುಖ್ಯವಾದ ಆಶಯವೆಂದು ನನ್ನ ಮತ. ಇಂದು ಚಕ್ರವನ್ನು ಒಂದು ಬೆರಳಿನಿಂದ ತಿರುಗಿಸುವವನು ಲಾರಿಯಲ್ಲಿರುವನು. ಜಲ್ಲಿಗಿಳಿದರೆ ಬೀಳುವವನು ಸೈಕಲ್ಲಿನ ಮೇಲಿರುವನು.

ಎಂಟನೆಯ ಅಧ್ಯಾಯದ ಪ್ರಸಂಗವು ಇನ್ನೂ ವಿಚಾರಯೋಗ್ಯವಾದುದು. ಗಾಡಿಯಿಂದ ಹಾನಿಯಾದರೂ ಶಿಕ್ಷೆಯಿಲ್ಲದ ಹತ್ತು ಸಂದರ್ಭಗಳನ್ನು ಅಲ್ಲಿ ಎಣಿಸಿದೆ. ಮೂಗುದಾರ ಕಿತ್ತಿತು, ನೊಗ ಮುರಿಯಿತು, ಅಚ್ಚು ಮುರಿಯಿತು, ಚಕ್ರ ಮುರಿಯಿತು ಎಂಬಿವುಗಳ ಜೊತೆಗೆ, ಸಾರಥಿಯು "ಸರಿ, ಸರಿ" ಎಂದು ಕೂಗಿದ್ದರೆ ಎಂಬುದೂ ಸೇರಿದೆ. ನಮ್ಮ ಚಾಲಕರು ಆ ಗ್ರಂಥವನ್ನು ಓದದೆಯೇ ಆ ಒಂದು ಮಾತನ್ನು ಮಾತ್ರ ಕಂಠಪಾಠ ಮಾಡಿರುವರು! "ಹಾರನ್ ಹೊಡೆದೆನಲ್ಲ" ಎಂಬುದೇ ಅವರ ಸರ್ವಪಾಪ ಪರಿಹಾರ. ಆದರೆ ಮುಂದಿನ ಮಾತುಗಳನ್ನೂ ಓದಬೇಕು. ಸಾರಥಿಯ ಅಕೌಶಲದಿಂದ ಹಾನಿಯಾದರೆ ಗಾಡಿಯ ಯಜಮಾನನಿಗೇ ಇನ್ನೂರು ಪಣ ದಂಡ; ಸಾರಥಿಯು ಕುಶಲನಾಗಿದ್ದೂ ಹಾನಿ ಮಾಡಿದರೆ ದಂಡ ಸಾರಥಿಗೆ. ಕೂಗಿದರೆ ಸಾಕೆಂಬ ಕಾಲವು ಎತ್ತಿನ ನಡಿಗೆಯ ಕಾಲ. ಕೂಗು ಕೇಳಿ ಸರಿಯಲು ಆಗ ವೇಳೆಯಿದ್ದಿತು. ಅಷ್ಟು ನಿಧಾನದ ಗಾಡಿಗೂ ಯಜಮಾನನ ಹೊಣೆಯನ್ನು ಹಿರಿಯರು ಬಿಡಲಿಲ್ಲ. ಟ್ರಿಪ್ಪಿಗೆ ಇಷ್ಟೆಂದು ಕೂಲಿ ಕೊಟ್ಟು, ಹೆಚ್ಚು ಟ್ರಿಪ್ಪು ಹೊಡೆಯೆಂದು ಚಾಲಕನನ್ನು ಅಟ್ಟುವ ಯಜಮಾನನು ಇಂದು ಮನೆಯಲ್ಲಿ ಕುಳಿತು ನಿರಪರಾಧಿಯೆನಿಸಿಕೊಳ್ಳುವನು. ಚಾಲಕನೂ ಬಡವನೇ, ಅವನೊಬ್ಬನ ಮೇಲೆ ನನ್ನ ಸಿಟ್ಟಲ್ಲ.

ಈಗಿನ ಪ್ರಪಂಚವು ಏನು ಮಾಡಿದೆಯೆಂಬುದನ್ನೂ ನೋಡಬಹುದು. ಅಮೆರಿಕದ ಲಾಸ್ ಏಂಜಲೀಸ್ ನಗರವು ಮೋಟಾರಿನ ರಾಜಧಾನಿಯೆನಿಸಿಕೊಂಡ ಊರು. ಅಲ್ಲಿ 2008ರಲ್ಲಿ ವೈದ್ಯನೊಬ್ಬನು ಇಬ್ಬರು ಸೈಕಲ್ ಸವಾರರ ಮುಂದೆ ಬೇಕೆಂದೇ ಥಟ್ಟನೆ ಕಾರು ನಿಲ್ಲಿಸಿದುದರಿಂದ ಅವರಿಗೆ ಭಯಂಕರವಾದ ಗಾಯಗಳಾದುವು. 2010ರಲ್ಲಿ ಅವನಿಗೆ ಐದು ವರ್ಷದ ಸೆರೆವಾಸವಾಯಿತು. ಆದರೆ ರಕ್ತ ಸುರಿಯುವವರೆಗೆ ಕಾಯುವುದು ಸರಿಯಲ್ಲವೆಂದು ಕಂಡ ಆ ನಗರದ ಸಭೆಯು 2011ರ ಜುಲೈ ತಿಂಗಳಲ್ಲಿ ಒಂದು ಸ್ಥಳೀಯ ಶಾಸನವನ್ನು ಮಾಡಿತು. ಸೈಕಲ್ಲಿನವನನ್ನು ಬೆದರಿಸುವುದು, ಹೊಡೆಯಲು ಹೋಗುವುದು, ಬೇಕೆಂದು ಅವನ ಗಮನ ತಪ್ಪಿಸುವುದು, ರಸ್ತೆಯಿಂದಾಚೆಗೆ ನೂಕುವುದು, ಇವುಗಳಲ್ಲಿ ಯಾವುದಾದರೂ ನಡೆದರೆ, ನೊಂದವನು ತಾನೇ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಆದ ನಷ್ಟದ ಮೂರರಷ್ಟು, ಇಲ್ಲವೆ 1,000 ಡಾಲರು, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನೂ, ವಕೀಲರ ಖರ್ಚನ್ನೂ ಚಾಲಕನಿಂದ ಪಡೆಯಬಹುದು. ವಕೀಲರ ಖರ್ಚಿನ ಮಾತನ್ನು ಮಿತ್ರರು ಗಮನಿಸಬೇಕು: ಬಡವನು ಕೋರ್ಟಿನ ಮೆಟ್ಟಿಲು ಹತ್ತದಿರುವುದು ಆ ಖರ್ಚಿಗೆ ಹೆದರಿ. ಮರುವರ್ಷ ಬರ್ಕ್‌ಲಿ ನಗರವೂ ಇದನ್ನು ಅನುಸರಿಸಿತು. ಕ್ಯಾಲಿಫೋರ್ನಿಯಾ ಸಂಸ್ಥಾನವು 2014ರಿಂದ, ಸೈಕಲ್ಲನ್ನು ಹಿಂದೆ ಹಾಕುವಾಗ ಮೂರು ಅಡಿಯ ಅಂತರ ಬಿಡಬೇಕೆಂದು ಅಳತೆಯನ್ನೇ ಹಾಕಿತು. ನೆದರ್ಲೆಂಡ್ಸಿನಲ್ಲಿ 1994ರ ಕಾಯಿದೆಯಂತೆ, ಮೋಟಾರಿನವನಿಗೂ ಸೈಕಲ್ಲಿನವನಿಗೂ ಡಿಕ್ಕಿಯಾದರೆ ನಷ್ಟದ ಹೊಣೆ ಸಾಮಾನ್ಯವಾಗಿ ಮೋಟಾರಿನ ಕಡೆಗೇ.

ನಮ್ಮ ರಾಜ್ಯವು ಸುಮ್ಮನಿರಲಿಲ್ಲ. 2021ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ಪಾದಚಾರಿಗಳ ಮತ್ತು ಸೈಕಲ್ಲಿನವರ ಹಕ್ಕುಗಳನ್ನು ಕುರಿತು ಮಸೂದೆಯ ಕರಡೊಂದನ್ನು ಸಿದ್ಧಪಡಿಸಿತು. ವರ್ಷಗಳು ಕಳೆದರೂ ಕರಡು ಕಾಯಿದೆಯಾಗಲಿಲ್ಲ. ಆ ಇಲಾಖೆಯ ಹೆಸರಿನಲ್ಲಿಯೇ ನಗರವಿದೆ. ಮಾಡದಕೆರೆಯ ದಾರಿಗೆ ಅದರ ದೃಷ್ಟಿ ಯಾವಾಗ ಬೀಳಬೇಕು? ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ಲಿಗೆಂದು ಗೆರೆ ಎಳೆದು ಪ್ರತ್ಯೇಕ ಪಥ ಮಾಡಿದರು. ಮೋಟಾರು ಬೈಸಿಕಲ್ಲುಗಳು ಅದರೊಳಕ್ಕೆ ನುಗ್ಗಿದುವು. ಶಿಕ್ಷೆಯ ಬೆಂಬಲವಿಲ್ಲದ ಗೆರೆಯು ರಂಗೋಲಿಗಿಂತ ಹೆಚ್ಚಿನದಲ್ಲ.

2019ರ ತಿದ್ದುಪಡಿಯಿಂದ 138ನೆಯ ಕಲಮಿಗೆ 1ಎ ಎಂಬ ಉಪಕಲಮು ಸೇರಿ, ಪಾದಚಾರಿಗಳನ್ನೂ ಯಂತ್ರವಿಲ್ಲದ ವಾಹನಗಳನ್ನೂ ಕುರಿತು ನಿಯಮ ಮಾಡುವ ಅಧಿಕಾರವು ರಾಜ್ಯ ಸರ್ಕಾರಗಳಿಗೆ ಬಂದಿತು. 2025ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳನ್ನು ಆರು ತಿಂಗಳೊಳಗೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಇದು ಸಂತೋಷದ ವಿಷಯ. ಆದರೆ ಆ ಉಪಕಲಮಿನ ಮಾತು "ನಿಯಂತ್ರಣ" ಎಂದಿದೆ, "ರಕ್ಷಣೆ" ಎಂದಿಲ್ಲ. ಸೈಕಲ್ಲಿನವನು ಇಲ್ಲಿ ಹೋಗಕೂಡದು, ಅಲ್ಲಿ ನಿಲ್ಲಕೂಡದು ಎಂಬ ನಿಯಮಗಳನ್ನು ಬರೆಯುವುದು ಸುಲಭ. ಹಳೆಯ ಬಿಲ್ಲೆಯೇ ಹೊಸ ವೇಷದಲ್ಲಿ ಬರದಂತೆ ನಾವು ಎಚ್ಚರವಾಗಿರಬೇಕು.

ಮೂರನೆಯ ವಾದ ಮಿತ್ರರದಲ್ಲ, ಇತರರದು: ಸೈಕಲ್ಲಿನವರೇನು ಸಾಧುಗಳೇ? ಅಲ್ಲವೆಂದು ಒಪ್ಪುವೆನು. ದೀಪವಿಲ್ಲದೆ ಬರುವರು, ಎದುರುಮುಖವಾಗಿ ಬರುವರು, ಮೂವರು ಸಾಲಾಗಿ ಹರಟುತ್ತ ಹೋಗುವರು. ನನ್ನ ಶಿಷ್ಯರಿಗೇ ಇದಕ್ಕಾಗಿ ಕಿವಿ ಹಿಂಡಿರುವೆನು. ತಪ್ಪು ಮಾಡಿದವನಿಗೆ ದಂಡ ಹಾಕಲಿ. ಆದರೆ ದಂಡ ಹಾಕುವ ಅಧಿಕಾರವು ಲಾರಿಯ ಮುಂಭಾಗಕ್ಕೆ ಸೇರಿದುದಲ್ಲ. ನಾಲ್ಕನೆಯ ವಾದ, ಸಾಕ್ಷ್ಯವೆಲ್ಲಿ ಎಂಬುದು. ಈಗ ಕೈಗೊಂದು ಮೊಬೈಲಿದೆ, ಅಂಗಡಿಗೊಂದು ಕ್ಯಾಮರಾ ಇದೆ. ಅದೂ ಇಲ್ಲದಿದ್ದರೆ ಗಾಡಿಯ ನಂಬರಿದೆ: 133ನೆಯ ಕಲಮಿನಂತೆ, ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವನು ಯಾರೆಂಬುದನ್ನು ಪೋಲೀಸರು ಕೇಳಿದರೆ ಯಜಮಾನನು ಹೇಳಲೇಬೇಕು. ಕೇಳುವವರು ಬೇಕು, ಅಷ್ಟೆ.

ಬರಿಯ ದೂರು ಹೇಳಿ ಮುಗಿಸುವುದು ಮೇಷ್ಟರಿಗೆ ಶೋಭಿಸದು. ಆದುದರಿಂದ ಬೇಕಾದುದನ್ನು ಮೂರು ಮಾತಿನಲ್ಲಿ ಹೇಳುವೆನು. ಜಿಲ್ಲಾಧಿಕಾರಿಗಳಿಗೆ 115ನೆಯ ಕಲಮಿನಿಂದಲೂ 1989ರ ರಾಜ್ಯ ನಿಯಮಗಳಿಂದಲೂ ಒಂದು ರಸ್ತೆಯಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವುಂಟು. ಘಟ್ಟದ ರಸ್ತೆಗಳಲ್ಲಿ ಮಳೆಗಾಲದಲ್ಲಿ ಅದನ್ನು ಪ್ರಯೋಗಿಸುವುದನ್ನು ಕಾಣುತ್ತಿರುವೆವು. ಮಳೆಗೆ ತೋರಿಸುವ ಆ ಗೌರವವನ್ನು ಮಕ್ಕಳಿಗೂ ತೋರಿಸಿ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಹಳ್ಳಿಯ ರಸ್ತೆಗಳಲ್ಲಿ ಟಿಪ್ಪರು ಲಾರಿಗಳನ್ನು ಒಂದೊಂದು ಗಂಟೆ ತಡೆಯಲಿ. ಎರಡನೆಯದಾಗಿ, ರಾಜ್ಯದ ನಿಯಮದಲ್ಲಿ ಸೈಕಲ್ಲಿನವನಿಗೆ ಟಾರಿನ ಮೇಲೆಯೇ ಹಕ್ಕಿದೆಯೆಂದೂ, ಅವನ ದೂರನ್ನು ಗಾಯವನ್ನು ಕೇಳದೆ ಬರೆದುಕೊಳ್ಳತಕ್ಕದ್ದೆಂದೂ ಸ್ಪಷ್ಟವಾಗಿರಲಿ. ಮೂರನೆಯದಾಗಿ, ವಿಧಾನಮಂಡಲವು ಆ ಹಳೆಯ ಕರಡನ್ನು ಕೈಗೆತ್ತಿಕೊಂಡು, ಹಳ್ಳಿಗಳನ್ನೂ ಅದರಲ್ಲಿ ಸೇರಿಸಿ, ಕಿರುಕುಳವನ್ನು ಹೆಸರಿಟ್ಟು ಹೇಳಲಿ, ಅಂತರದ ಅಳತೆಯನ್ನು ನಿಗದಿ ಮಾಡಲಿ, ನೊಂದವನಿಗೆ ಚಾಲಕನಿಂದಲೂ ಯಜಮಾನನಿಂದಲೂ ಪರಿಹಾರ ಕೊಡಿಸಲಿ. ಮೊದಲನೆಯದಕ್ಕೆ ಒಂದು ಆಜ್ಞೆ ಸಾಕು. ಎರಡನೆಯದಕ್ಕೆ ಒಂದು ನಿಯಮ ಬೇಕು. ಮೂರನೆಯದಕ್ಕೆ ಮಾತ್ರ ಕಾಯಿದೆ ಬೇಕು.

ಸಹೃದಯ ವಾಚಕರೇ, ನಿಮ್ಮಲ್ಲಿ ಬಹುಮಂದಿ ಈಗ ಕಾರಿನಲ್ಲಿ ಹೋಗುವವರು, ಅದು ತಪ್ಪಲ್ಲ. ಆದರೆ ನಿಮ್ಮಲ್ಲಿ ಎಷ್ಟು ಮಂದಿ ಸೈಕಲ್ಲಿನ ಮೇಲೆಯೇ ಓದಿ ಮುಂದೆ ಬಂದವರೆಂಬುದು ನನಗೆ ಗೊತ್ತು. ಕೆಲವರಿಗೆ ನಾನೇ ಪಾಠ ಹೇಳಿರುವೆನು. ಮುಂದಿನ ಗ್ರಾಮಸಭೆಯಲ್ಲಿ ಮೇಲಿನ ಮೂರು ಬೇಡಿಕೆಗಳ ಮನವಿಯನ್ನು ಮಂಡಿಸಲು ನಾನು ಬರೆದಿಟ್ಟಿರುವೆನು. ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗದ ಕಡೆಯ ಸದಸ್ಯರು ತಮ್ಮ ತಮ್ಮ ಊರುಗಳಲ್ಲಿಯೂ ಹಾಗೆಯೇ ಮಾಡಬೇಕೆಂದು ಕೈಮುಗಿದು ಬೇಡುವೆನು. ವಕೀಲ ಮಿತ್ರರಿಗೂ ಒಂದು ಪ್ರತಿಯನ್ನು ಕಳುಹಿಸುವೆನು. ಅದರಲ್ಲಿ ಕಾಯಿದೆಯ ತಪ್ಪುಗಳಿದ್ದರೆ ಅವರು ತಿದ್ದಿಕೊಡಲಿ. ತಿದ್ದಿದ ಮೇಲೆ ಕೆಳಗೆ ಒಂದು ರುಜು ಹಾಕಿದರೆ, ಮದುವೆಯ ಮನೆಯಲ್ಲಿ ನಿಂತುಹೋದ ನಮ್ಮ ವಾದವು ಅಲ್ಲಿಗೆ ಮುಗಿಯುವುದು. ನನ್ನ ಶಿಷ್ಯನ ಮನೆಯ ಅಟ್ಟದ ಮೇಲೆ ಆ ಸೈಕಲ್ಲು ಇನ್ನೂ ಇದೆ. ಅವನಿಗೆ ಇನ್ನೊಬ್ಬ ಮಗಳಿರುವಳು. ಬರುವ ವರ್ಷ ಅವಳಿಗೆ ಎಂಟನೆಯ ತರಗತಿ.